ಪಕ್ಷದ ಪುಟದಲ್ಲಿ ಬಂದ ಸಾವು

ನಮ್ಮ ಯಜಮಾನರು ವೇಲುಚ್ಚಾಮಿ ಸತ್ತದ್ದು ಫೋನು ನೋಡಿ. ಬೆಳಿಗ್ಗೆ ಅರುಪ್ಪುಕ್ಕೋಟ್ಟೈಯ ನಮ್ಮ ಬೀದಿಯ ಟೀ ಅಂಗಡಿ ಬೆಂಚಿನ ಮೇಲೆ ಕೂತು ಫೋನಲ್ಲಿ ಪಕ್ಷದ ಪುಟ ತೆರೆದಿದ್ದಾರೆ. ಪಕ್ಷದ ನಾಯಕ ತಲೈವರ ಫೋಟೋ, ಸುತ್ತ ಕಪ್ಪು ಪಟ್ಟಿ, ಕೆಳಗೆ ‘ಕಣ್ಣೀರ ಅಂಜಲಿ’. ಅಯ್ಯೋ ನನ್ನ ದೊರೆ ಹೋದರಾ ಅಂದವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರಂತೆ. ಅಂಗಡಿಯವನು ಓಡಿ ಬಂದು ನನ್ನನ್ನು ಕರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೈವರು ಮಾತ್ರ ಮದುರೈ ಆಸ್ಪತ್ರೆಯಲ್ಲಿ ಇಡ್ಲಿ ತಿನ್ನುತ್ತಿದ್ದರು.

ವೇಲುಚ್ಚಾಮಿ ಅಂದರೆ ಪಕ್ಷ, ಪಕ್ಷ ಅಂದರೆ ವೇಲುಚ್ಚಾಮಿ. ಹರೆಯದಲ್ಲಿ ತಲೈವರ ಜೊತೆ ಜೈಲಿಗೆ ಹೋಗಿ ಬಂದವರು. ಮಗ್ಗದ ಮುಂದೆ ಕೂತಾಗಲೂ ಮೈಮೇಲೆ ಪಕ್ಷದ ಬಣ್ಣದ ಅಂಚಿನ ಪಂಚೆಯೇ. ನೀವು ತಾಳಿ ಕಟ್ಟಿದ್ದು ನನಗೋ ಬಾವುಟದ ಕಂಬಕ್ಕೋ ಅಂತ ಹೊಸದರಲ್ಲಿ ಜಗಳ ಆಡುತ್ತಿದ್ದೆ. ಆಮೇಲೆ ಸಾಕಾಗಿ ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಹೆಣ ಇಡಲು ಬಾಡಿಗೆಯ ಐಸ್ ಪೆಟ್ಟಿಗೆ ಬಂತು, ಬಾಗಿಲಿಗೆ ಶಾಮಿಯಾನ ಬಂತು. ಅದರ ಹಿಂದೆಯೇ ಬಿಳಿ ಕಾರಿನಲ್ಲಿ ಜಿಲ್ಲಾ ಕಾರ್ಯದರ್ಶಿ ಮಣಿಮಾರನ್ ಬಂದ. ಕೈಯಲ್ಲಿ ಮಡಿಸಿದ ಬಾವುಟ. ಜೊತೆಗೆ ಪಕ್ಷದ ಪುಟ ನೋಡಿಕೊಳ್ಳುವ ಇಲಕ್ಕಿಯಾ, ಅತ್ತು ಅತ್ತು ಮುಖ ಊದಿತ್ತು.

“ಆಗಬಾರದ್ದು ಆಗೋಯ್ತು ಅಕ್ಕಾ” ಅಂದ ಮಣಿಮಾರನ್.

“ಅದಾಗೇ ಆಯ್ತಾ, ನೀವು ಮಾಡಿದ್ರಾ?”

ಇಲಕ್ಕಿಯಾ ನನ್ನ ಕಾಲ ಹತ್ತಿರ ಕೂತಳು. “ತಲೈವರು ಆಸ್ಪತ್ರೆ ಸೇರಿದ ದಿನವೇ ಎರಡು ಪೋಸ್ಟು ಮಾಡಿಟ್ಟಿರು ಅಂತ ಮೇಲಿನವರು ಹೇಳಿದ್ರು ಅಕ್ಕಾ. ಬೇಗ ಹುಷಾರಾಗಿ ಅನ್ನೋದೊಂದು, ಇದೊಂದು. ನಿದ್ದೆಗಣ್ಣಲ್ಲಿ ಇದನ್ನ ಹಾಕ್ಬಿಟ್ಟೆ. ಗೊತ್ತಾದ ತಕ್ಷಣ ತೆಗೆದೆ.”

“ತೆಗೆದ್ಯಲ್ಲ, ಇವರನ್ನೂ ಹಾಗೇ ವಾಪಸ್ ತಂದುಬಿಡು” ಅಂದೆ. ಅವಳು ಮತ್ತೆ ಅತ್ತಳು. ಅವಳನ್ನು ಬೈಯುವುದಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ.

ಅಷ್ಟರಲ್ಲಾಗಲೇ ನಮ್ಮ ಪುಟದಲ್ಲಿ ಅಂಥ ಸುದ್ದಿ ಬಂದೇ ಇಲ್ಲ, ಎಲ್ಲ ಎದುರು ಪಕ್ಷದವರ ಕಿತಾಪತಿ ಅಂತ ಪಕ್ಷದ ಹೇಳಿಕೆ ಬಂದಾಗಿತ್ತು. ಬೀದಿ ತುದಿಯಲ್ಲಿ ಟಿವಿಯವರು ಕ್ಯಾಮೆರಾ ಹೂಡಿಕೊಂಡು ನಿಂತಿದ್ದರು.

“ನೀವು ಹೊರಗೆ ಬಂದು, ಅವರಿಗೆ ಮೊದಲಿಂದ ಹುಷಾರಿರಲಿಲ್ಲ ಅಂತ ಒಂದು ಮಾತು ಅಂದ್ರೆ ಸಾಕು” ಅಂದ ಮಣಿಮಾರನ್. “ಬಾವುಟ ಹೊದಿಸಿ, ಮೆರವಣಿಗೆ ಮಾಡಿ, ರಾಜನ ಹಾಗೆ ಕಳಿಸ್ತೀವಿ.”

“ನೋಡಪ್ಪಾ, ಕ್ಯಾಮೆರಾದವರ ಮುಂದೆ ನಿಂತು ಅವರ ಹೊಟ್ಟೆ ತುಂಬಿಸೋಳಲ್ಲ ನಾನು. ಅದು ಇವರಿಗೂ ಹಿಡಿಸ್ತಿರಲಿಲ್ಲ. ನಿಮ್ಮ ಪುಟದಲ್ಲಿ ನೀವೇ ಬರೀರಿ. ನಾವು ತಪ್ಪು ಸುದ್ದಿ ಹಾಕಿದ್ವಿ, ಅದನ್ನ ನೋಡಿ ನಮ್ಮ ವೇಲುಚ್ಚಾಮಿ ಎದೆ ಒಡೆದು ಸತ್ತ ಅಂತ. ಅದು ಬರೋವರೆಗೂ ಈ ಬಾವುಟ ಇವರ ಮೈಮೇಲೆ ಬೀಳಲ್ಲ.”

“ಎಲೆಕ್ಷನ್ ಹೊತ್ತು ಅಕ್ಕಾ.”

“ನಿಮಗೆ ಯಾವತ್ತು ಎಲೆಕ್ಷನ್ ಹೊತ್ತಲ್ಲ?”

ಮಗಳು ಕಯಲ್‌ವಿಳಿ ನನ್ನ ಭುಜ ಹಿಡಿದಳು. “ಬಿಡಮ್ಮಾ. ಬರೆದ್ರೆ ಅಪ್ಪ ಎದ್ದು ಬರ್ತಾರಾ?”

ಬರಲ್ಲ, ನನಗೆ ಗೊತ್ತು. ಆದರೆ ಆ ಮನುಷ್ಯ ಬದುಕಿದ್ದಷ್ಟು ದಿನ ಈ ಪಕ್ಷದವರಿಗಾಗಿ ಗಂಟಲು ಹರಿದುಕೊಂಡಿದ್ದರು, ಕೊನೆಗೆ ಜೀವವನ್ನೂ ಕೊಟ್ಟರು. ಹೇಗೆ ಹೋದರು ಅನ್ನುವುದಾದರೂ ನಿಜವಾಗಿ ಇರಲಿ ಅಂತ ನನ್ನ ಹಟ.

ಆಗ ಮಣಿಮಾರನ್ ಫೋನು ಬಡಿದುಕೊಂಡಿತು. ನೋಡಿದವನೇ ಎದ್ದು ನಿಂತು ಪಂಚೆ ಸರಿಮಾಡಿಕೊಂಡ. ತಲೈವರದೇ ವಿಡಿಯೋ ಕಾಲ್. ಯಾರೋ ಅವರ ಕಿವಿಗೆ ವೇಲುಚ್ಚಾಮಿ ಹೋದ ಸುದ್ದಿ ಹಾಕಿದ್ದರು. ಪೇಚಿಯಮ್ಮಾಳ ಮುಖ ತೋರಿಸು ಅಂತ ಗದರಿದರು. ಅವನು ಫೋನು ನನ್ನ ಮುಂದೆ ಹಿಡಿದ.

ಗುರುತೇ ಸಿಗಲಿಲ್ಲ. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು, ಕೆನ್ನೆ ಒಳಗೆ ಹೋಗಿತ್ತು, ಮೂಗಿಗೆ ಕೊಳವೆ.

“ಪೇಚಿ, ನಮ್ಮ ವೇಲು ಹೋದ್ನಂತೆ, ನಿಜಾನಾ?”

“ಹೌದಣ್ಣಾ.”

“ಏನಾಯ್ತು ಅವನಿಗೆ? ಇಲ್ಲಿ ಎಲ್ರೂ ನನ್ನ ಹತ್ರ ಏನೋ ಮುಚ್ಚಿಡ್ತಿದ್ದಾರೆ. ನನ್ನಿಂದ ಏನಾದ್ರೂ ಆಯ್ತಾ? ನೀನು ಸುಳ್ಳು ಹೇಳೋಳಲ್ಲ. ನೀನು ಹೇಳಮ್ಮಾ.”

ಮಾತು ನಾಲಿಗೆ ತುದಿಯಲ್ಲಿತ್ತು. ಮಣಿಮಾರನ್ ಹಣೆಯ ಬೆವರು ಕಂಡು ಒಂದು ಗಳಿಗೆ ಖುಷಿಯೂ ಆಯ್ತು, ಯಾಕೆ ಸುಳ್ಳು ಹೇಳಲಿ. ಅಷ್ಟರಲ್ಲಿ ತಲೈವರ ತುಟಿ ಅದುರುವುದು ಕಂಡೆ. ನಮ್ಮವರು ದೇವರಿಲ್ಲ ಅನ್ನುವ ಮನುಷ್ಯ, ಮೊನ್ನೆ ಕದ್ದುಮುಚ್ಚಿ ಮಾರಿಯಮ್ಮನ ಗುಡಿಗೆ ಹೋಗಿ ಈ ಮುದುಕನಿಗಾಗಿ ಹರಕೆ ಹೊತ್ತು ಬಂದಿದ್ದರು. ನಿಮ್ಮ ಸಾವಿನ ಸುದ್ದಿ ಕೇಳಿಯೇ ಹೋದರು ಅಂದರೆ ಇವರೂ ಅಲ್ಲೇ ಕಣ್ಣು ಮುಚ್ಚುತ್ತಾರೇನೋ ಅನ್ನಿಸಿತು. ನಮ್ಮವರು ಉಳಿಸಿಕೊಳ್ಳಬೇಕು ಅಂತಿದ್ದ ಜೀವವನ್ನು ನನ್ನ ಬಾಯಿಂದ ಹೇಗೆ ತೆಗೆಯಲಿ?

“ಜ್ವರ ಅಣ್ಣಾ. ಒಂದು ವಾರದಿಂದ ಬಿಟ್ಟಿರಲಿಲ್ಲ.”

“ನನಗೊಂದು ಮಾತು ತಿಳಿಸಬಾರದಾಗಿತ್ತಾ?”

“ನಿಮಗೇ ಹುಷಾರಿಲ್ಲ, ಹೇಳಬೇಡ ಅಂದ್ರು.”

ಅವರು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. “ಬಾವುಟ ಹೊದಿಸಿದ್ರಾ?”

“ಹೊದಿಸ್ತಾರೆ ಅಣ್ಣಾ. ನೀವು ಮಲಗಿ.”

ಮಣಿಮಾರನ್ ಬಾವುಟ ಬಿಚ್ಚಿ ಹೊದಿಸಿದ. ನಾನು ಬೇಡ ಅನ್ನಲಿಲ್ಲ, ಆಯಾಸ ಆಗಿತ್ತು. ತಲೈವರು ಮನೆಗೆ ಬಂದ ಮೇಲೆ ಬರೆಸಿದರಾಯ್ತು, ಇವತ್ತು ಬೇಡ ಅಂದುಕೊಂಡೆ.

ಹೆಣ ಎತ್ತುವ ಹೊತ್ತಿಗೆ ತಮಟೆ ಶುರುವಾಯ್ತು. ಕಯಲ್‌ವಿಳಿ ಫೋನು ಹಿಡಿದು ಬಂದಳು. ಪಕ್ಷದ ಪುಟದಲ್ಲಿ ನನ್ನ ಮುಖ, ನನ್ನ ದನಿ. ಜ್ವರ ಅಣ್ಣಾ, ಒಂದು ವಾರದಿಂದ ಬಿಟ್ಟಿರಲಿಲ್ಲ. ತಲೈವರ ಮಾತೆಲ್ಲ ಕತ್ತರಿಸಿ ತೆಗೆದಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ, ವಿರೋಧಿಗಳ ಸುಳ್ಳಿಗೆ ಮಡದಿಯೇ ಕೊಟ್ಟ ಉತ್ತರ.

ಇಲಕ್ಕಿಯಾ ಕಾರಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ನಾನು ಮಾತಾಡುವಾಗ ಅವಳು ಮಣಿಮಾರನ್ ಬೆನ್ನ ಹಿಂದೆ ತನ್ನ ಫೋನು ಎತ್ತಿ ಹಿಡಿದು ನಿಂತಿದ್ದದ್ದು ಆಗ ನೆನಪಾಯ್ತು. “ಮಣಿಮಾರನ್ ಅಣ್ಣ ಹಾಕು ಅಂದ್ರು ಅಕ್ಕಾ” ಅಂದಳು.

ಟಿವಿಯವರು ಗಂಟುಮೂಟೆ ಕಟ್ಟುತ್ತಿದ್ದರು. ಅವರ ಮುಂದೆ ನಿಲ್ಲಲ್ಲ ಅಂದಿದ್ದವಳು ಸೆರಗು ಸಿಕ್ಕಿಸಿಕೊಂಡು ಬೀದಿ ತುದಿಯವರೆಗೂ ಓಡಿದೆ. ಮೈಕು ಸುತ್ತಿಡುತ್ತಿದ್ದ ಹುಡುಗಿಯ ಕೈ ಹಿಡಿದು, ಜ್ವರ ಅಲ್ಲಮ್ಮಾ, ಜ್ವರ ಅಲ್ಲ ಅಂದೆ.

ಅವಳು ಒಳ್ಳೆಯವಳೇ, ನಿಂತು ಕೇಳಿದಳು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡಳು. “ನೀವೇ ಹೇಳಿದ್ದೀರಲ್ಲ ಅಮ್ಮಾ. ನಾವೆಲ್ಲ ನೋಡಿದ್ವಿ.”

ಹೌದು, ಹೇಳಿದ್ದೆ.