ಗಾಳಿ ಯಾರ ಕಡೆ

ನಾನು ಒಂದು ಸ್ಟ್ಯಾಂಡ್ ಫ್ಯಾನ್. ಮನೆಯ ಮೂಲೆಯಲ್ಲಿ ನಿಲ್ಲುವ ಪುಟ್ಟ ಜಾತಿಯದಲ್ಲ. ಆಳೆತ್ತರದ ಕಬ್ಬಿಣದ ಕಂಬ, ಅಗಲವಾದ ಮೂರು ರೆಕ್ಕೆ, ಇಡೀ ಸಭೆಗೆ ಗಾಳಿ ಹಂಚುವಷ್ಟು ಕಸುವು ನನ್ನದು. ಹುಟ್ಟಿದ್ದು ಹೈದರಾಬಾದಿನ ಹೊರಗಿನ ಒಂದು ಕಾರ್ಖಾನೆಯಲ್ಲಿ. ನನ್ನ ಮೋಟಾರಿಗೆ ತಾಮ್ರದ ತಂತಿ ಸುತ್ತಿದವನೇ ಮೊದಲ ಸಲ ಸ್ವಿಚ್ ಒತ್ತಿದ. ಎದುರಿಗೆ ನಿಂತು ಅಂಗಿಯ ಗುಂಡಿ ಬಿಚ್ಚಿ ಕಣ್ಣು ಮುಚ್ಚಿದ. ಪರೀಕ್ಷೆ ಮುಗಿದ ಮೇಲೂ ಅವನು ಕದಲಲಿಲ್ಲ. ನಾನು ಒಳ್ಳೆಯ ಫ್ಯಾನ್ ಎಂದು ನನಗೆ ಆಗಲೇ ಗೊತ್ತಾಯಿತು.

ಮೊದಲು ನನ್ನನ್ನು ಕೊಂಡವರು ಬಳ್ಳಾರಿಯ ಒಂದು ಶಾಮಿಯಾನದ ಅಂಗಡಿಯವರು. ಎಷ್ಟು ಮದುವೆ ಕಂಡೆನೋ ಲೆಕ್ಕವಿಲ್ಲ. ಎಲ್ಲ ಮದುವೆಗಳಲ್ಲೂ ನನ್ನ ಮುಖ ಬೀಗರ ಕಡೆಗೇ. ಹೆಣ್ಣಿನ ತಂದೆ ನನ್ನ ಬೆನ್ನ ಹಿಂದೆ ಬೆವರು ಒರೆಸಿಕೊಳ್ಳುತ್ತ ಓಡಾಡುತ್ತಿದ್ದ. ಅಂಗಡಿಗೆ ದೊಡ್ಡ ಕೂಲರ್‌ಗಳು ಬಂದ ವರ್ಷ ನನ್ನನ್ನು ಗಾದಿಲಿಂಗಪ್ಪ ಎಂಬವರಿಗೆ ಮಾರಿಬಿಟ್ಟರು. ಅವರದು ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟು.

ಯೂನಿಟ್ಟು ಎಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಶೆಡ್ಡು. ಎರಡು ಸಾಲು ಹೊಲಿಗೆ ಮಷೀನು, ಕೊನೆಯಲ್ಲಿ ಇಸ್ತ್ರಿ ಮೇಜು. ಹೊಲಿಯುವವರೆಲ್ಲ ಹೆಂಗಸರು. ಬಳ್ಳಾರಿಯ ಬೇಸಿಗೆಯಲ್ಲಿ ತಗಡು ಕಾದ ಹೆಂಚಿನಂತಾಗುತ್ತಿತ್ತು. ಮೇಲೆ ತೂಗಿದ ಫ್ಯಾನ್‌ಗಳು ಆ ಕಾವನ್ನೇ ಅವರ ನೆತ್ತಿಗೆ ತಳ್ಳುತ್ತಿದ್ದವು. ತಂಪು ಎನ್ನುವುದು ಏನಾದರೂ ಇದ್ದರೆ ಅದು ಬಾಗಿಲ ಬಳಿ ನಿಂತ ನನ್ನಿಂದ. ಅಲ್ಲಿಂದ ಹೊರಗಿನ ಬೇವಿನ ಮರದ ನೆರಳಿನ ಗಾಳಿಯನ್ನು ನಾನು ಒಳಗೆ ಎಳೆದುಕೊಳ್ಳುತ್ತಿದ್ದೆ.

ಆ ವರ್ಷ ಬಿಸಿಲು ಬೇಗ ಏರಿತು. ಮಧ್ಯಾಹ್ನವಾದರೆ ಸೂಜಿಗಳ ಸದ್ದೇ ಕುಗ್ಗಿಹೋಗುತ್ತಿತ್ತು. ಗಾದಿಲಿಂಗಪ್ಪ ಸೂಪರ್‌ವೈಸರ್ ಎರ್ರಿಸ್ವಾಮಿಯನ್ನು ಕರೆದು ಹೇಳಿದರು.

"ಕಾಲೇಜು ತೆರೆಯೋ ಹೊತ್ತಿಗೆ ಮಾಲು ಮುಂಬೈ ಅಂಗಡ್ಯಾಗೆ ಇರ್ಬೇಕು. ತಡ ಆತಂದ್ರೆ ಮುಂದಿನ ಆರ್ಡರು ಬ್ಯಾರೆಯವರ ಪಾಲು. ಆಮ್ಯಾಲೆ ಅರ್ಧ ಮಷೀನು ಮುಚ್ಚಬೇಕಾಗ್ತೈತೆ ನೋಡು."

ಎರ್ರಿಸ್ವಾಮಿ ಕೆಟ್ಟವನಲ್ಲ. ಹಿಂದೆ ತಾನೂ ಟೈಲರ್ ಆಗಿದ್ದವನು. ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ನನ್ನ ಕಂಬದ ಮೇಲೆ ಕೈಯಿಟ್ಟು ಉತ್ಸಾಹದಿಂದ ಸಾರಿದ. "ನಿನ್ನೆ ಯಾರು ಜಾಸ್ತಿ ಹೊಲಿದಿರ್ತಾರೋ, ಇವತ್ತು ದಿನಪೂರ್ತಿ ಫ್ಯಾನು ಅವರ ಕಡೀಗೆ."

ಹೀಗೆ ನಾನು ಬಹುಮಾನವಾದೆ. ನಿಜ ಹೇಳುತ್ತೇನೆ, ಉಬ್ಬಿಹೋದೆ. ಮೊದಲ ವಾರ ಮಷೀನುಗಳು ಓಡಿದ ಓಟವೇ ಓಟ. ಗೆದ್ದವಳು ಹುಲಿಗೆಮ್ಮ. ಚುರುಕು ಕೈಯ ಹುಡುಗಿ. ಎರ್ರಿಸ್ವಾಮಿ ನನ್ನ ಕತ್ತು ಅಲ್ಲಾಡದಂತೆ ಹಿಂದಿನ ಗುಂಡಿ ಎಳೆದು, ಅವಳತ್ತ ತಿರುಗಿಸಿ ನಿಲ್ಲಿಸಿದ. ಮರುದಿನವೂ ಅವಳೇ ಗೆದ್ದಳು. ಅದರ ಮರುದಿನವೂ.

ಅವಳ ಪಕ್ಕದ ಮಷೀನು ರುಕ್ಸಾನಾಳದು. ಹುಲಿಗೆಮ್ಮನನ್ನು ಈ ಕೆಲಸಕ್ಕೆ ಕರೆತಂದು, ಜಿಪ್ಪು ಕೂರಿಸುವುದನ್ನು ಕಲಿಸಿಕೊಟ್ಟವಳು. ಇಬ್ಬರೂ ದಿನವೂ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ರುಕ್ಸಾನಾ ಬುತ್ತಿಯ ಮುಚ್ಚಳ ತೆಗೆಯುತ್ತ ಅಂದಳು.

"ನೀನು ಗಾಳಿಯಾಗೆ ಕುಂತೀಯ, ನಿನ್ನ ಮಷೀನು ಓಡ್ತೈತೆ. ನಾವು ಕಾವಿನಾಗೆ ಕುಂತು ಹೆಂಗೆ ಗೆಲ್ಲಾದು, ಹುಲಿಗಿ?"

"ಗೆದ್ದಿದ್ದು ನನ್ನ ಕೈ, ರುಕ್ಸಾನಕ್ಕ. ಗಾಳಿ ಅಲ್ಲ."

ರುಕ್ಸಾನಾ ಬುತ್ತಿ ಎತ್ತಿಕೊಂಡು ಇಸ್ತ್ರಿ ಮೇಜಿನ ಕಡೆ ಹೋಗಿ ಕುಳಿತಳು. ಹುಲಿಗೆಮ್ಮ ನನ್ನ ಗಾಳಿಯಲ್ಲಿ ಒಬ್ಬಳೇ ಉಂಡಳು. ಅನ್ನ ಬೇಗ ಒಣಗಿತು. ಅರ್ಧ ಹಾಗೇ ಉಳಿಯಿತು.

ಆಮೇಲೆ ಶೆಡ್ಡಿನಲ್ಲಿ ಮಾತು ನಿಂತಿತು. ದಾರದ ಉಂಡೆ ಮುಗಿದರೆ ಪಕ್ಕದವಳನ್ನು ಕೇಳುವವರಿಲ್ಲ. ಯಾರಾದರೂ ನೀರಿಗೆ ಎದ್ದರೆ ಉಳಿದವರು ಓರೆಗಣ್ಣಲ್ಲಿ ನೋಡುವರು. ಆತುರದ ಹೊಲಿಗೆ ಸೊಟ್ಟಗಾಯಿತು. ಪ್ಯಾಂಟು ಒಗೆದು ಬಣ್ಣ ತೆಗೆಯುವ ವಾಷಿಂಗ್ ಯೂನಿಟ್ಟಿನವರು ಗಂಟುಗಂಟಾಗಿ ಮಾಲು ವಾಪಸ್ ಕಳಿಸಿದರು. ಹೊಲಿದದ್ದನ್ನು ಬಿಚ್ಚುವುದರಲ್ಲೇ ದಿನಗಳು ಹೋದವು. ಇಸ್ತ್ರಿ ಮೇಜಿನ ಪಕ್ಕದ ಮಷೀನಿನವಳಂತೂ ಕೆಲಸಕ್ಕೆ ಬರುವುದನ್ನೇ ಬಿಟ್ಟಳು.

ಎರ್ರಿಸ್ವಾಮಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ತಾನೇ ಆ ಖಾಲಿ ಮಷೀನಿಗೆ ಕುಳಿತ. ನಾನು ದೂರದಿಂದ ನೋಡುತ್ತಿದ್ದೆ. ಊಟದ ನಂತರ ಅವನ ಅಂಗಿ ಬೆನ್ನಿಗೆ ಅಂಟಿತು. ಬೆವರು ರೆಪ್ಪೆಯಿಂದ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಸಂಜೆ ಎಲ್ಲರ ಮಾಲು ಎಣಿಸಿದಾಗ ಎಲ್ಲರಿಗಿಂತ ಹಿಂದೆ ಬಿದ್ದವನು ಸೂಪರ್‌ವೈಸರೇ!

ಹುಲಿಗೆಮ್ಮ ಸೆರಗು ಬಾಯಿಗೆ ಹಿಡಿದು ಅಂದಳು. "ಎರ್ರಿಸ್ವಾಮಣ್ಣ, ನಾಳೆ ಗಾಳಿ ನಿಮಗಿಲ್ಲ ಬಿಡ್ರಿ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಪಕ್ಕದ ಮಷೀನಿನಿಂದ ರುಕ್ಸಾನಾಳೂ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು. ಎರ್ರಿಸ್ವಾಮಿಯೂ ನಕ್ಕ. ಆದರೆ ತಾನು ಹೊಲಿದ ಪ್ಯಾಂಟನ್ನು ಕೈಗೆತ್ತಿಕೊಂಡು ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದ. "ಬ್ಯಾರೆ ಯಾರಾದ್ರೂ ಹಿಂಗೆ ಹೊಲಿದಿದ್ರೆ ನಾನು ಬೈದು ವಾಪಸ್ ಕೊಡ್ತಿದ್ದೆ" ಎಂದ. ಆಮೇಲೆ ಕೇಳಿದ. "ಬೆಳಿಗ್ಗೆ ಬೇಗ ಬಂದು ಬೇಗ ಮುಗಿಸಿದ್ರೆ ಹೆಂಗೆ?"

"ಬೆಳಿಗ್ಗೇನೇ ನಳದಾಗೆ ನೀರು ಬಿಡ್ತಾರಲ್ಲಣ್ಣ" ಎಂದಳು ರುಕ್ಸಾನಾ. "ನೀರು ಹಿಡಿಯೋದು ಬಿಟ್ಟು ಯಾರು ಬರ್ತಾರೆ? ಊಟ ಆದಮ್ಯಾಲೆ ಫ್ಯಾನು ಎಲ್ಲರ ಕಡೀಗೆ ತಿರುಗಾಕೆ ಬಿಟ್ಟು, ಸ್ವಲ್ಪ ಅಡ್ಡಾಗಾಕೆ ಬಿಡ್ರಿ. ಬಿಸಿಲು ಇಳಿದ ಮ್ಯಾಲೆ ಕುಂತು ಹೊಲೀತೀವಿ. ಕತ್ತಲಾಗೋದ್ರೊಳಗೆ ಮನಿ ಸೇರ್ತೀವಿ."

ಎರ್ರಿಸ್ವಾಮಿ ಹುಲಿಗೆಮ್ಮನ ಕಡೆ ನೋಡಿದ. ಆ ಮಾತಿನಿಂದ ಕಳೆದುಕೊಳ್ಳುವವಳು ಅವಳೊಬ್ಬಳೇ. ಅವಳು ಎದ್ದು ನನ್ನ ಹತ್ತಿರ ಬಂದಳು. ಹಿಂದಿನ ಗುಂಡಿಯನ್ನು ಒತ್ತಿದಳು. ವಾರಗಳಿಂದ ಬಿಗಿದಿದ್ದ ನನ್ನ ಕತ್ತು ಕಿರ್ರೆಂದಿತು, ಆಮೇಲೆ ತಿರುಗಿತು.

ವಿಷಯ ಕೇಳಿ ಗಾದಿಲಿಂಗಪ್ಪ ಕೆಂಡವಾದರು. "ಮಲಗಾಕೆ ಕೂಲಿ ಕೊಡ್ಬೇಕೇನು ನಾನು?"

"ಈಗ ಹೊಲಿದಿದ್ದು ಬಿಚ್ಚಾಕೆ ಕೊಡ್ತಿದೀರಲ್ಲ ಸಾವ್ಕಾರ್ರೆ" ಎಂದ ಎರ್ರಿಸ್ವಾಮಿ. "ಒಂದು ವಾರ ಬಿಡ್ರಿ. ಮಾಲು ವಾಪಸ್ ಬಂದ್ರೆ ನನ್ನ ಕೆಲಸದಿಂದ ತೆಗೀರಿ."

ಸಾವುಕಾರರು ಅವನನ್ನೇ ದಿಟ್ಟಿಸಿದರು. "ಒಂದೇ ವಾರ" ಎಂದು ಎದ್ದು ಹೋದರು.

ಮರುದಿನ ಊಟದ ನಂತರ ಮಷೀನುಗಳು ನಿಂತವು. ಹೆಂಗಸರು ಬಂಡೆ ಹಾಸಿದ ನೆಲಕ್ಕೆ ನೀರು ಚಿಮುಕಿಸಿ, ಆರಿದ ಮೇಲೆ ಸಾಲಾಗಿ ಅಡ್ಡಾದರು. ಆ ಕೊನೆಯಿಂದ ಈ ಕೊನೆಯವರೆಗೆ ನಾನು ಗಾಳಿ ಹಾಸಿದೆ. ರುಕ್ಸಾನಾ ಎಲ್ಲಿ ಮಲಗುತ್ತಾಳೆಂದು ನೋಡಿಕೊಂಡು ಹುಲಿಗೆಮ್ಮ ಅವಳ ಪಕ್ಕಕ್ಕೇ ಹೋದಳು. ನಾನು ಅತ್ತ ತಿರುಗಿದಾಗೆಲ್ಲ ರುಕ್ಸಾನಾಳ ದುಪಟ್ಟಾ ಹಾರಿ ಹುಲಿಗೆಮ್ಮನ ಮುಖದ ಮೇಲೆ ಬೀಳುತ್ತಿತ್ತು. ಅವಳು ಅದನ್ನು ಸರಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮುಖ ತೊಳೆದು ಎಲ್ಲರೂ ಕುಳಿತರು. ಆ ಸಂಜೆಯ ಮಷೀನುಗಳ ಸದ್ದು ನನಗಿನ್ನೂ ನೆನಪಿದೆ. ಓಟವಿರಲಿಲ್ಲ, ನಿಲುಗಡೆಯೂ ಇರಲಿಲ್ಲ. ನಡುನಡುವೆ ಮಾತು, ಸಾಸಿವೆ ಸಿಡಿದಂಥ ನಗು. ಬರುವುದನ್ನು ಬಿಟ್ಟವಳೂ ಸುದ್ದಿ ಕೇಳಿ ಮರಳಿ ಬಂದಳು. ಆ ವಾರ ಒಂದು ಗಂಟೂ ವಾಪಸ್ ಬರಲಿಲ್ಲ. ಕಾಲೇಜು ತೆರೆಯುವ ಮೊದಲೇ ಲಾರಿ ಮುಂಬೈ ದಾರಿ ಹಿಡಿಯಿತು. ಗಾದಿಲಿಂಗಪ್ಪ ಹೊಗಳಲಿಲ್ಲ. ಮುಂದಿನ ಬೇಸಿಗೆಗೆ ತಾವೇ ತಗಡಿನ ಮೇಲೆ ಸುಣ್ಣ ಬಳಿಸಿ, ಒಂದು ಕಟ್ಟು ಚಾಪೆ ತಂದುಹಾಕಿದರು.

ಈಗ ನನಗೆ ವಯಸ್ಸಾಗಿದೆ. ಮೋಟಾರಿನ ತಂತಿ ಬದಲಾಗಿದೆ, ಬಲೆಗೆ ತುಕ್ಕು ಹಿಡಿದಿದೆ. ಎರ್ರಿಸ್ವಾಮಿ ಇದೇ ಊರಿನ ಕೌಲ್ ಬಜಾರಿನಲ್ಲಿ ಕೆಲವೇ ಮಷೀನಿನ ಸ್ವಂತ ಯೂನಿಟ್ಟು ಹಾಕಿದಾಗ ಸಾವುಕಾರರಿಂದ ನನ್ನನ್ನು ಕೇಳಿ ಪಡೆದ. ಜನರಿಂದ ಕೆಲಸ ತೆಗೆಯುವುದು ಹೇಗೆಂದು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಾರಂತೆ. ನನ್ನನ್ನು ಕೇಳಿದರೆ ಹೇಳುತ್ತೇನೆ. ನಾನು ಕಣ್ಣಾರೆ ಕಂಡಿದ್ದೇನೆ.

ಮೊನ್ನೆ ಹೊಸದಾಗಿ ಸೇರಿದವಳೊಬ್ಬಳು ಮಧ್ಯಾಹ್ನ ಚಾಪೆ ಹಾಸುತ್ತ ನನ್ನ ಕಡೆ ಮುಖ ಸಿಂಡರಿಸಿದಳು. "ಈ ಫ್ಯಾನಿನ ಸಪ್ಪಳದಾಗೆ ಯಾರಿಗೆ ನಿದ್ದಿ ಬರ್ತೈತಣ್ಣ?"

ಎರ್ರಿಸ್ವಾಮಿ ಮೀಸೆಯಲ್ಲೇ ನಕ್ಕು ತನ್ನ ಚಾಪೆ ಬಿಡಿಸಿದ. ನಾನು ಗಡಗಡ ಸದ್ದು ಮಾಡುತ್ತ ತಿರುಗುತ್ತಲೇ ಇದ್ದೆ. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವಳು ಅವಳೇ.