ಮೊದಲನೇ ಕಾಪಿ

"ಅಷ್ಟು ದೊಡ್ಡ ಫೋಲ್ಡರ್ ಡಿಲೀಟ್ ಮಾಡುವಾಗ ನಿನ್ನ ಕೈ ನಡುಗಲಿಲ್ಲವಾ ಅಣ್ಣ?"

"ನಡುಗುವುದು ಎಂತಕ್ಕೆ? ಅದು ಹೋದ ವರ್ಷದ್ದು. ದಿನಾ ಸಂಜೆ ಹೊಸತು ಬರ್ತದೆ ಅಂತ ನೀನೇ ಹೇಳಿದ್ದು. ಹೊಸತು ಇರುವಾಗ ಹಳತು ಯಾಕೆ, ಉಪ್ಪು ಹಾಕಿ ಇಡ್ಲಿಕ್ಕಾ?"

"ಹೊಸತು ಅಂದ್ರೆ ಆ ದಿನ ಬದಲಾದದ್ದು ಮಾತ್ರ ಮಾರಾಯ. ಎಷ್ಟು ಸಲ ಹೇಳಿದ್ದೇನೆ."

"ಹೇಳಿದ್ದು ಫೋನಲ್ಲಿ. ನಾನು ಮದುವೆ ಹಾಲ್‌ನಲ್ಲಿ ಕ್ಯಾಮೆರಾ ಹಿಡ್ಕೊಂಡು ನಿಂತಿರುವಾಗ. ವಾಲಗದ ಮಧ್ಯೆ ನಿನ್ನ ಪಾಠ ಕೇಳ್ತದಾ?"

ಕುಲಶೇಖರದ ಮುಖ್ಯರಸ್ತೆಯ ಬದಿಯಲ್ಲಿ ಮುಖೇಶನ ಅಂಗಡಿ. ಮದುವೆ, ಗೃಹಪ್ರವೇಶಗಳ ವೀಡಿಯೊ ತೆಗೆದು ಅಲ್ಲೇ ಮಿಕ್ಸಿಂಗ್ ಮಾಡಿ ಕೊಡುತ್ತಿದ್ದ. ತಮ್ಮ ರೂಪೇಶ ದೇರೆಬೈಲಿನಲ್ಲಿ ಮನೆ ಮಾಡಿಕೊಂಡು ನಾಲ್ಕಾರು ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಕಳೆದ ವಾರದ ಸಿಡಿಲಿಗೆ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಹೋದರೆ ಹೋಗಲಿ, ತಮ್ಮ ಮಾಡಿಟ್ಟ ಬ್ಯಾಕಪ್ ಉಂಟಲ್ಲ ಎಂದು ಮುಖೇಶ ಆರಾಮವಾಗಿದ್ದ. ರೂಪೇಶ ಬಂದು ಕಪಾಟಿನಲ್ಲಿದ್ದ ಬ್ಯಾಕಪ್ಪಿನ ಕಪ್ಪು ಪೆಟ್ಟಿಗೆಯನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಾಗ, ಅದರಲ್ಲಿದ್ದದ್ದು ದಿನದಿನದ ಚಿಲ್ಲರೆ ಮಾತ್ರ. ಮೊದಲ ದಿನ ಎಲ್ಲವನ್ನೂ ಸೇರಿಸಿ ತೆಗೆದಿಟ್ಟಿದ್ದ ಪೂರ್ತಿ ಕಾಪಿಯೇ ಇರಲಿಲ್ಲ.

ಮದುವೆಯ ವೀಡಿಯೊಗಳಾಗಿದ್ದರೆ ಜಗಳ ಇಷ್ಟಕ್ಕೆ ಬರುತ್ತಿರಲಿಲ್ಲ. ಹೋದದ್ದು ಅಮ್ಮನ ಸ್ವರ.

ಹೋದ ವರ್ಷ ಅಮ್ಮ ಅಪ್ಪಿಗೆ ಗಂಟಲಲ್ಲಿ ಕ್ಯಾನ್ಸರ್ ಎಂದು ತಿಳಿದಾಗ, ಸ್ವರಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಆಪರೇಷನ್ನಿಗೆ ಮೊದಲು ರೂಪೇಶ ಅವಳನ್ನು ಇದೇ ಅಂಗಡಿಯ ಮೈಕಿನ ಮುಂದೆ ಕೂರಿಸಿ, ಅವಳು ದಿನವಿಡೀ ಆಡುವ ಮಾತುಗಳನ್ನೆಲ್ಲ ಒಂದೊಂದಾಗಿ ಆಡಿಸಿದ. ‘ವಣಸ್ ಆಂಡಾ’ ಎಂದು ತುಳುವಿನಲ್ಲಿ ಊಟವಾಯಿತಾ ಕೇಳುವುದು, ಬಾಗಿಲು ಹಾಕಲು ಹೇಳುವುದು, ಮಾತ್ರೆ ಎಲ್ಲಿ ಎಂದು ಕೇಳುವುದು. ಮೊಮ್ಮಗಳು ಮೋಕ್ಷಾಳನ್ನು ಮುದ್ದಿನಿಂದ ಒಮ್ಮೆ, ಸಿಟ್ಟಿನಿಂದ ಒಮ್ಮೆ ಕರೆಯುವುದು. ಸಿಟ್ಟಿನಿಂದ ಕರೆಯಲು ಹೋಗಿ ಅಪ್ಪಿಗೆ ನಗು ಬಂದು ನಾಲ್ಕು ಸಲ ತೆಗೆಯಬೇಕಾಯಿತು. ಮುಂದೆ ಅವನ್ನೆಲ್ಲ ಒಂದು ಫೋನಿಗೆ ಹಾಕುವುದು, ಚಿತ್ರ ಒತ್ತಿದರೆ ಅವಳದೇ ಸ್ವರ ಮಾತಾಡುವುದು ಎಂದು ಲೆಕ್ಕ. ರೆಕಾರ್ಡಿಂಗ್ ಮುಗಿದ ದಿನವೇ ರೂಪೇಶ ಬ್ಯಾಕಪ್ ಕೂರಿಸಿದ. ಆ ದೊಡ್ಡ ಕಾಪಿ ಆ ದಿನದ್ದು.

ಈಗ ಗಾಯ ಒಣಗಿತ್ತು, ರೇಡಿಯೇಷನ್ ಮುಗಿದಿತ್ತು. ಹೊಸ ಫೋನ್ ಬಂದಿತ್ತು. ಅಪ್ಪಿ ಅದನ್ನು ದಿಂಬಿನ ಅಡಿಯಲ್ಲಿಟ್ಟುಕೊಂಡು ರೂಪೇಶ ಬರುವ ಈ ಭಾನುವಾರಕ್ಕಾಗಿ ಕಾಯುತ್ತಿದ್ದಳು.

ಕೆಲವು ತಿಂಗಳ ಹಿಂದೆ, ಝೇವಿಯರ್ ಎಂಬ ಗಿರಾಕಿಯ ಮಗಳ ಮದುವೆಯ ಸಮಯದಲ್ಲಿ ಬ್ಯಾಕಪ್ಪಿನ ಪೆಟ್ಟಿಗೆ ತುಂಬಿತ್ತು. ಜಾಗವಿಲ್ಲ, ಜಾಗವಿಲ್ಲ ಎಂದು ಕಂಪ್ಯೂಟರ್ ಪ್ರಾಣ ತಿನ್ನುತ್ತಿತ್ತು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹಳೆಯದು ಯಾವುದೆಂದು ನೋಡಿ ಮುಖೇಶ ಅದನ್ನೇ ಎತ್ತಿ ಬಿಸಾಡಿದ. ಅದರ ಮೇಲೆ ಬರೀ ತಾರೀಕಿತ್ತು. ‘ಅಮ್ಮ’ ಎಂದು ಬರೆದಿದ್ದರೆ ಮುಟ್ಟುತ್ತಿರಲಿಲ್ಲ. ಈಗ ಅದನ್ನು ಹೇಳಬೇಕೆನಿಸಿತು ಅವನಿಗೆ. ಬಾಯಿಂದ ಬಂದದ್ದು ಬೇರೆ.

"ಎಂತಾದರೂ ಹೆಚ್ಚುಕಮ್ಮಿ ಆದ್ರೆ ನಿನಗೆ ಮೇಲ್ ಬರ್ತದೆ ಅಂದಿದ್ದೆಯಲ್ಲ? ಬರಲಿಲ್ಲವಾ?"

ರೂಪೇಶ ಲ್ಯಾಪ್‌ಟಾಪಿನ ಅಂಚನ್ನು ಉಜ್ಜುತ್ತಾ ಕುಳಿತ.

"ಬಂದಿತ್ತು," ಎಂದ ಕೊನೆಗೆ. "ದಿನಾ ಬರ್ತಿತ್ತು. ಮೊದಮೊದಲು ಎಲ್ಲಾ ಸರಿ ಉಂಟು ಅಂತಲೇ ಬರುವುದು. ನೋಡಿ ನೋಡಿ ಸಾಕಾಗಿ, ಕಣ್ಣಿಗೆ ಬೀಳದ ಹಾಗೆ ಬದಿಗೆ ಹಾಕಿಟ್ಟೆ. ಆಮೇಲೆ ಪೂರ್ತಿ ಕಾಪಿ ಇಲ್ಲ ಅಂತ ಬಂದದ್ದನ್ನೂ ನೋಡಲಿಲ್ಲ."

"ಆಗಲೇ ನೋಡಿದ್ದರೆ?"

"ಕಂಪ್ಯೂಟರಲ್ಲಿ ಎಲ್ಲಾ ಇತ್ತು. ಇನ್ನೊಂದು ಪೂರ್ತಿ ಕಾಪಿ ತೆಗೆದರೆ ಮುಗೀತಿತ್ತು."

"ಭಾರೀ ಇಂಜಿನಿಯರ್ ನೀನು."

ಬಾಗಿಲಲ್ಲಿ ನೆರಳು ಬಿತ್ತು. ಅಪ್ಪಿ. ಹಿಂದಿನ ಓಣಿಯ ಮನೆಯಿಂದ ನಡೆದು ಬಂದಿದ್ದಳು. ಕೊರಳಿನ ತೂತನ್ನು ಮುಚ್ಚುವ ಬಿಳಿ ಬಟ್ಟೆ ಉಸಿರಿಗೆ ತಕ್ಕಂತೆ ಆಡುತ್ತಿತ್ತು. ಕೈಯಲ್ಲಿ ಹೊಸ ಫೋನ್. ಇಬ್ಬರ ಮುಖವನ್ನೂ ನೋಡಿ, ಸ್ಟೂಲ್ ಎಳೆದು ಕೂತು, ಫೋನನ್ನು ರೂಪೇಶನ ಕಡೆ ನೀಡಿದಳು.

ರೂಪೇಶ ತೆಗೆದುಕೊಂಡ. ಚಿಲ್ಲರೆಗಳ ನಡುವೆ ಒಂದೇ ಒಂದು ಸಿಕ್ಕಿತ್ತು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಓಣಿಗೆ ಮೀನಿನವಳು ಬಂದಾಗ ಅಪ್ಪಿ ಅಭ್ಯಾಸಬಲದಿಂದ ಕರೆದದ್ದನ್ನು ಅವನು ಫೋನಿನಲ್ಲಿ ಹಿಡಿದು, ಪೂರ್ತಿ ಕಾಪಿ ಆದ ಮೇಲೆ ಸೇರಿಸಿದ್ದ. ಅದನ್ನು ಫೋನಿಗೆ ಹಾಕಿ, ಒಂದು ಮೀನಿನ ಚಿತ್ರ ಕೂರಿಸಿ, ಅವಳ ಕೈಗೆ ಕೊಟ್ಟ.

ಅಪ್ಪಿ ಒತ್ತಿದಳು.

"ಬೂತಾಯಿಗ್ ಏತ್ ಅಕ್ಕಾ?"

ಬೂತಾಯಿ ಮೀನಿಗೆ ಎಷ್ಟು ಎಂದು ಕೇಳುವ ಆ ಸ್ವರ ಗಟ್ಟಿ, ತುಸು ಒರಟು, ಓಣಿಯ ತುದಿಗೆ ಮುಟ್ಟುವಂಥದ್ದು. ಅಪ್ಪಿಯ ಕಣ್ಣು ಅರಳಿತು. ಮತ್ತೆ ಒತ್ತಿದಳು. ಹೆಗಲು ಕುಣಿಸಿ ನಕ್ಕಳು, ಸದ್ದಿಲ್ಲದೆ. ಆಮೇಲೆ ಫೋನ್ ತಿರುಗಿಸಿ ಹಿಡಿದು, ಬೆರಳು ಆಡಿಸಿದಳು. ಮುಂದಿನದು ಹಾಕು.

"ಇಷ್ಟೇ ಅಮ್ಮ," ಎಂದ ರೂಪೇಶ. "ಬೇರೆ ಎಲ್ಲ ಹೋಯ್ತು."

ಅವಳು ಬೆರಳು ಆಡಿಸುತ್ತಲೇ ಇದ್ದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು.

ಅದನ್ನು ಮುಖೇಶನಿಂದ ನೋಡಲಾಗಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ.

"ಈಗ ಮುಖ ಸಣ್ಣ ಮಾಡಿ ಎಂತ ಪ್ರಯೋಜನ?" ಎಂದು ತಮ್ಮನ ಮೇಲೆ ಹರಿಹಾಯ್ದ. "ಅಮ್ಮನ ಗಂಟಲಿನ ನಳಿಗೆ ದಿನಾ ತೊಳೆಯುವುದು ನಾನು. ರಾತ್ರಿ ಕಫ ಕಟ್ಟಿದ್ರೆ ಏಳುವುದು ನಾನು. ನೀನು ರಜೆಯಲ್ಲಿ ಬಂದು ಮೈಕ್ ಹಿಡಿಯುವವ. ನಿನಗೆ ಬೇಕಾದ್ದು ಅಮ್ಮ ಅಲ್ಲ, ಅವಳ ರೆಕಾರ್ಡಿಂಗ್."

ರೂಪೇಶ ಲ್ಯಾಪ್‌ಟಾಪ್ ಮಡಚಿದ. ಕಪ್ಪು ಪೆಟ್ಟಿಗೆಯನ್ನು ಮೇಜಿನ ಮೇಲೆಯೇ ಬಿಟ್ಟ.

"ಅಮ್ಮನ ಎದುರು ಹೇಳಿದೆಯಲ್ಲ," ಎಂದ ಮೆಲ್ಲಗೆ. ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲಿಳಿದ. ಆ ಮೆಟ್ಟಿಲನ್ನು ಅವನು ಮತ್ತೆ ಹತ್ತಲಿಲ್ಲ.

ಅಪ್ಪಿ ಎದ್ದು ಬಾಗಿಲಿಗೆ ಬಂದಳು. ಅವಳ ಬಾಯಿ ತೆರೆಯಿತು, ಕೊರಳ ಬಟ್ಟೆ ಮುಂದಕ್ಕೆ ಉಬ್ಬಿ ಕುಸಿಯಿತು. ಸ್ಕೂಟರ್ ಸ್ಟಾರ್ಟ್ ಆಯಿತು. ಮುಖೇಶ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಸಾವಿರ ಜನ ಸೇರಿದ ಹಾಲ್‌ನಲ್ಲೂ ಲೈಟ್ ಹಿಡಿದವನನ್ನು ಒಂದೇ ಕೂಗಿಗೆ ಎಳೆದು ತರುವ ಗಂಟಲು ಅವನದು. ಅವಳು ತಿರುಗಿ ಅವನ ತೋಳು ಜಗ್ಗಿದಳು, ರಸ್ತೆಯ ಕಡೆ ತೋರಿಸಿದಳು. ಅವನು ಹಲ್ಲು ಕಚ್ಚಿ ನಿಂತ.

ಅಪ್ಪಿ ಅವನ ತೋಳು ಬಿಟ್ಟಳು. ಮೆಟ್ಟಿಲಿಳಿದು ರಸ್ತೆಯ ಅಂಚಿಗೆ ಹೋಗಿ, ಫೋನನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಒತ್ತಿದಳು.

"ಬೂತಾಯಿಗ್ ಏತ್ ಅಕ್ಕಾ?"

ಸ್ಕೂಟರ್ ಬಸ್ಸೊಂದರ ಹಿಂದೆ ಸೇರಿಕೊಂಡಿತು. ಅವಳು ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ರಸ್ತೆಯಾಚೆಯ ಗೇಟಿನಿಂದ ಹೊರಬಂದ ಹೆಂಗಸೊಬ್ಬಳು, ಚೀಲ ಬಿಡಿಸಿಕೊಳ್ಳುತ್ತಾ, ಮೀನಿನವಳು ಯಾವ ಕಡೆಯಿಂದ ಬಂದಳೆಂದು ಅತ್ತಿತ್ತ ನೋಡತೊಡಗಿದಳು.