ಹೆಸರಿನ ಕೆಳಗಿನ ಸಾಲು

ಬಂದವರಿಗೆ ಕುರ್ಚಿ ಹಾಕಲು ಜಾಗ ಸಾಲದೆ, ಅವಳ ತಮ್ಮ ಕಪಾಟು ಸರಿಸಲೆಂದು ಭಾವನ ಪುಸ್ತಕಗಳನ್ನು ಇಳಿಸಿ, ತೋಳತುಂಬ ಹೊತ್ತು ಒಳಕೋಣೆಗೆ ಸಾಗಿಸುತ್ತಿದ್ದ.

“ಯಾವುದು ತೆಗೆದರೂ ಹೆಸರಲ್ಲಿ ಗೆಲುವು, ಗೆಲುವು. ಇಷ್ಟೆಲ್ಲ ಓದಿಯೂ ಭಾವ ಬಿಸಿಲೇರೋಕೆ ಮುಂಚೆ ಎದ್ದದ್ದುಂಟಾ ಅಕ್ಕ?”

ಮೂಲೆಯಲ್ಲಿದ್ದವರು ಮೆಲ್ಲಗೆ ನಕ್ಕರು. ಗಂಡನ ಶವದ ತಲೆಯ ಬಳಿ ಕುಳಿತ ಅವಳು ಅವನಿಗೆ ಹೊದಿಸಿದ ಬಟ್ಟೆಯ ಅಂಚು ಸರಿಪಡಿಸಿದಳು.

ಮಗ ಬಂದು ಪಕ್ಕದಲ್ಲಿ ಕುಕ್ಕರಿಸಿದ. “ಅಮ್ಮ, ಗಾರೆಯವರು ಕಾಯ್ತಿದ್ದಾರೆ. ಸಮಾಧಿಯ ಹಲಗೆ ಮೇಲೆ ಹೆಸರು, ಅದರ ಕೆಳಗೆ ಕಸುಬು ಬರೀತಾರಂತೆ. ಅಪ್ಪಂದು ಏನಂತ ಹೇಳಲಿ?”

“ಸಾಬೂನು ಮಾರಿ ಕೈ ಸುಟ್ಕೊಂಡ್ರು, ಕೊಡೆ ರಿಪೇರಿ ಅಂತ ಕೂತು ಎದ್ರು,” ತಮ್ಮ ದನಿ ತಗ್ಗಿಸಿದ. “ಆ ಸಾಲು ಖಾಲಿ ಬಿಡೋದೇ ಮರ್ಯಾದೆ ಕಣೋ.”

“ಹೊಲಿಗೆ ಅಂಗಡಿ ಅಂತ ಹಾಕಿಸ್ಲಾ ಅಮ್ಮ?”

“ಅಂಗಡಿ ನನ್ನದು. ಅವರಿಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ. ಸುಳ್ಳು ಬೇಡ. ಖಾಲಿಯೂ ಬೇಡ.”

“ಮತ್ತೇನು?”

“ಅಲ್ಲೇ ಬಂದು ಹೇಳ್ತೀನಿ,” ಎಂದಳು.

*

ಸ್ವಂತ ಅಂಗಡಿ ಇಡುವ ಮುಂಚೆ ಅವಳು ಯಾರದೋ ಅಂಗಡಿಯ ಅಂಗಿಗಳನ್ನು ಮನೆಗೆ ತಂದು ಗುಂಡಿ ಹಚ್ಚಿಕೊಡುತ್ತಿದ್ದಳು. ಅಕ್ಷರ ಅವಳಿಗೆ ಒಲಿದಿರಲಿಲ್ಲ. ಕಿವಿ ಮಾತ್ರ ಚುರುಕು. ಗಂಡ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, ಸೂರ್ಯನಿಗಿಂತ ಮೊದಲು ಏಳಬೇಕೆಂಬ ಅಧ್ಯಾಯವನ್ನು ರಾಗವಾಗಿ ಓದುತ್ತಿದ್ದ. ಓದಿದರೆ ಅವನಿಗೆ ಮಾಡಿದಷ್ಟೇ ತೃಪ್ತಿ. ಅವಳಿಗೋ, ಕಿವಿಗೆ ಬಿದ್ದದ್ದು ಕೈಗೆ ಇಳಿಯುವ ತನಕ ಸಮಾಧಾನವಿಲ್ಲ.

ಒಂದು ದಿನ, ಒಲ್ಲದ್ದಕ್ಕೆ ಒಲ್ಲೆ ಎನ್ನಬೇಕೆಂದು ಓದಿ ಮುಗಿಸಿ, “ಒಂದು ಲೋಟ ಚಹಾ ಮಾಡೇ,” ಎಂದ.

“ಆಗಲ್ಲ.”

ಅವನು ಬೆಪ್ಪಾಗಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೇ ಎದ್ದು ಇಬ್ಬರಿಗೂ ಚಹಾ ಮಾಡಿ ತಂದ. ಸಕ್ಕರೆ ಮರೆತಿದ್ದ.

ಮರುದಿನ ಅವಳು ಅದೇ ಮಾತನ್ನು ಅಂಗಡಿಯವನಿಗೂ ಹೇಳಿ, ಅಂಗಿಗಳ ಗಂಟನ್ನು ಅವನ ಮುಂದೆಯೇ ಇಟ್ಟು ಬಂದಳು. ಸ್ವಂತಕ್ಕೆ ಹೊಲಿಯತೊಡಗಿದಳು. ಕೆಲಸಕ್ಕೆ ಜನ ಇಟ್ಟುಕೊಳ್ಳಲು ಅಂಜುತ್ತಿದ್ದ ವಾರ, ನಾಲ್ಕು ಜನರನ್ನು ಕೂಡಿಸಿ ದುಡಿಯುವ ಬಗೆಯೇ ಗಂಡನ ಓದಿಗೆ ಬಂತು. ಅವನು ಪುಟಗಳನ್ನು ಸಾಲಾಗಿ ಓದುತ್ತಿರಲಿಲ್ಲ, ಹುಡುಕಿ ಹುಡುಕಿ ಓದುತ್ತಿದ್ದ ಎಂಬುದು ಅವಳಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

*

ಮಣ್ಣು ಮುಚ್ಚಿಯಾಗಿತ್ತು. ಗಾರೆಯವನು ಹಸಿ ಸಿಮೆಂಟಿನ ಹಲಗೆಯ ಮುಂದೆ ಮೊಳೆ ಹಿಡಿದು ಕುಳಿತಿದ್ದ. ಆಚೀಚೆಯ ಹಲಗೆಗಳನ್ನು ಮಗ ಓದುತ್ತಿದ್ದ: ಬಡಗಿ, ಶಿಕ್ಷಕಿ, ಬಸ್ಸಿನ ಚಾಲಕ.

“ಬೇಗ ಹೇಳಿ ತಾಯಿ, ಗಟ್ಟಿಯಾಗ್ತಿದೆ.”

“ಹೆಂಡತಿಗೆ ಓದಿ ಹೇಳುತ್ತಿದ್ದರು ಅಂತ ಬರೀರಿ.”

“ಅದೊಂದು ಕಸುಬಾ ಅಕ್ಕ?” ತಮ್ಮ ಕೇಳಿದ.

“ನಮ್ಮ ಮನೆ ನಡೆದದ್ದೇ ಅದರಿಂದ ಕಣೋ. ಅವರು ಓದಿದ್ರು, ನಾನು ಎದ್ದೆ.”

ಗಾರೆಯವನು ಬರೆದು ಮುಗಿಸಿ ಮೊಳೆ ಒರೆಸಿಕೊಂಡ.

“ಈಗ ಗಟ್ಟಿಯಾಗಿ ಓದಿ,” ಎಂದಳು.

ಅವನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೊದ್ದ ಬಟ್ಟೆಯ ಅಂಚಿನ ಮೇಲೆ ಅವಳ ಬೆರಳುಗಳು, ಸೂಜಿಯಿಲ್ಲದೆ, ದಾರವಿಲ್ಲದೆ, ಹೊಲಿಯುತ್ತಿದ್ದವು.